ಹೊರಗಷ್ಟೇ ಬಣ್ಣ ಹಚ್ಚು ಅಂದಿರಿ

ಉತ್ತಮ ಕಾಕಾ ಅವರಿಗೆ, ಜೈಭೀಮ್.

2001ರಲ್ಲಿ ಸರಕಾರದವರು ನಮಗೆ ಕೊಡುತ್ತೇವೆ ಅಂದದ್ದು: ನಿಪ್ಪಾಣಿಯ ಗಟಾರದ ದಂಡೆಯ ಮೇಲೆ, ತಗಡಿನ ಕೆಳಗೆ ಕೂತು ಬೀಡಿ ಕಟ್ಟುವ ನಲವತ್ತೆರಡು ಹೆಂಗಸರಿಗೆ ಒಂದೊಂದು ನಿವೇಶನ. ಅವರವರ ಹೆಸರಿನಲ್ಲೇ ಹಕ್ಕುಪತ್ರ. ಓಣಿಗೊಂದು ನಳ. ಸಿಕ್ಕದ್ದು: ಏನೂ ಇಲ್ಲ.

ನನ್ನ ಅಪ್ಪ ಲಗಮಪ್ಪನಿಗೆ ನೀವು ಕೊಟ್ಟ ಮಾತು: ನೀವು ಮುಂದೆ ನಿಂತು ನಡೆಸುವ ನಮ್ಮ ಓಣಿಯ ಸಂಘದಲ್ಲಿ ಅವನ ಜಾಗ ಹಾಗೇ ಇರುತ್ತದೆ. ಆದದ್ದು: ಮೊದಲು ಕರಪತ್ರದಿಂದ ಹೆಸರು ಹೋಯಿತು, ಆಮೇಲೆ ಮೈಕು ಹೋಯಿತು, ಕಡೆಗೆ ಕುರ್ಚಿಯೂ ಹೋಯಿತು.

ಈ ಫೆಬ್ರವರಿಯಲ್ಲಿ ನನಗೆ ಅಂದದ್ದು: ಅಪ್ಪನ ಹಳೆಯ ರಾಜದೂತ ಮೋಟರ್ ಸೈಕಲ್ಲಿಗೆ ಬಣ್ಣ ಹಚ್ಚಿ ಕೊಟ್ಟರೆ, ಸಂಘದ ನಲವತ್ತನೇ ವರ್ಷದ ಸಭೆಯಲ್ಲಿ ಅದನ್ನು ವೇದಿಕೆಯ ಮೇಲೆ ನಿಲ್ಲಿಸಿ ಅವನ ಹೆಸರು ಕೂಗುತ್ತೇವೆ. ಅಪ್ಪ ಸತ್ತು ವರ್ಷವಾಗಿತ್ತು. ಇಪ್ಪತ್ತೈದು ವರ್ಷ ಯಾರೂ ಕೂಗದ ಹೆಸರು. ನಾನು ಹೂಂ ಅಂದೆ.

ಸಂಶಯ ನನ್ನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಹುಟ್ಟಿಸಿದವರು ನೀವೇ. ಒಂದು ವಾರದಲ್ಲಿ ಮೂರು ಸಲ ಫೋನು ಮಾಡಿದಿರಿ. ಮೂರು ಸಲವೂ ಒಂದೇ ಮಾತು: "ಸಾರಿಕಾ, ಇಂಜಿನ್ ಬಿಚ್ಚಾಕ ಹೋಗಬ್ಯಾಡವಾ. ಅದು ಸತ್ತು ಎಷ್ಟ್ ವರ್ಷ ಆತು. ಬರೇ ಹೊರಗ ಬಣ್ಣ ಬಡದು ಕೊಡು, ಫೋಟೋದಾಗ ಯಾರಿಗಿ ಕಾಣತೈತಿ?" ನಾಲ್ಕನೇ ದಿನ ಬೆಳ್ಳಿ ಬಣ್ಣದ ಡಬ್ಬಿ, ಬ್ರಷ್ಷು ಮನೆಗೆ ಬಂದವು. ಐದನೇ ದಿನ ಟೆಂಪೋನೇ ಬಂತು. ನಿಮ್ಮ ಮಂದಿ, ನಾವೇ ಒಯ್ದು ಮಾಡಿಸುತ್ತೇವೆ ಅಂದರು. ನನ್ನ ಅವ್ವ ದ್ರೌಪದಿ ಬಾಗಿಲಿಗೆ ಅಡ್ಡ ನಿಂತು, "ಗಾಡಿ ಇಲ್ಲೇ ಇರತೈತಿ, ಟೆಂಪೋ ತಿರಗಸ್ರಿ" ಅಂದಳು.

ಬೀದಿಯಲ್ಲಿ ಕೂತು ಘೋಷಣೆ ಕಲಿತವಳು ನಾನು. ಯಾರಾದರೂ ಇದನ್ನು ಮಾತ್ರ ಮುಟ್ಟಬೇಡ ಅಂದರೆ ಮೊದಲು ಅದಕ್ಕೇ ಕೈ ಹಾಕಬೇಕು ಅಂತ ಕಲಿಸಿದವರು ನೀವು. ರಾಯಬಾಗದ ಶಾಲೆಯಲ್ಲಿ ವಾರವಿಡೀ ಮಕ್ಕಳಿಗೆ ಪಾಠ, ರವಿವಾರ ನಿಪ್ಪಾಣಿಯ ಹಿತ್ತಲಲ್ಲಿ ನಟ್ಟು ತಿರುವುವ ಪಾನಾ. ಗ್ಯಾರೇಜಿನ ಬಾಳು ಪಕ್ಕದಲ್ಲಿ ಕೂತು ಹೇಳುತ್ತಾನೆ, ನಾನು ಮಾಡುತ್ತೇನೆ. ಇಂಜಿನ್ ಇಳಿಸಿ ಗೋಣಿತಟ್ಟಿನ ಮೇಲಿಟ್ಟೆವು. ಸೀಮೆಎಣ್ಣೆ ಸುರಿದು ತಂತಿ ಬ್ರಷ್ಷಿನಿಂದ ತಿಕ್ಕಿದಾಗ ಮಣ್ಣು, ಜಿಡ್ಡು, ತಂಬಾಕಿನ ಧೂಳು ಕರಗಿ ಕರಿ ಸಾರಿನಂತೆ ಹರಿಯಿತು. ಗಾಳಿ ತಾಗಿ ತಣ್ಣಗಾಗಲು ಸುತ್ತ ಇರುವ ರೆಕ್ಕೆಗಳ ಸಂದಿಯನ್ನು ಎಮರಿ ಕಾಗದ ಮಡಚಿ ಒಂದೊಂದಾಗಿ ಉಜ್ಜಿದೆ. ಬೆರಳ ತುದಿಗಳು ಸುಲಿದು ಹೋದವು. ಬೀಡಿ ಎಲೆ ಕತ್ತರಿಸುವ ಅವ್ವ ನನ್ನ ಕೈ ನೋಡಿ ನಕ್ಕಳು: "ಈಗ ಆದಿ ನೋಡು ನನ್ನ ಮಗಳು."

ಆಮೇಲೆ ಇಂಜಿನ್ನಿನ ತಲೆ, ಅಂದರೆ ಮೇಲಿನ ಮುಚ್ಚಳ, ಬಿಚ್ಚಿದೆವು.

ಈಗ ನೀವು ಅಂದು ಹೇಳಿದ ಕಥೆಯನ್ನು ನಿಮಗೇ ಹೇಳುತ್ತೇನೆ. 2001ರಲ್ಲಿ ನಿವೇಶನದ ಅರ್ಜಿ ಕೊಡಲು ಅದೇ ಕಡೆಯ ದಿನ. ನಲವತ್ತೆರಡು ಹೆಬ್ಬೆಟ್ಟಿನ ಕಾಗದಗಳು ಸಂಜೆ ಐದರೊಳಗೆ ಚಿಕ್ಕೋಡಿಯ ಕಚೇರಿಗೆ ಮುಟ್ಟಬೇಕು. ಅಪ್ಪನಿಗೆ ಜ್ವರ. ಗಾಡಿಯನ್ನೂ ಕಾಗದಗಳನ್ನೂ ನಿಮ್ಮ ಕೈಗೆ ಕೊಟ್ಟ. ಕತ್ತಲಾಗುವ ಮೊದಲು ನೀವು ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದಿರಿ. "ಲಗಮಪ್ಪಾ, ಪೆಟ್ರೋಲಿನಾಗ ಆಯಿಲ್ ಕಡಿಮಿ ಹಾಕಿದಿ. ಹಾದ್ಯಾಗ ಇಂಜಿನ್ ಜಾಮ್ ಆತು. ನಾ ಮುಟ್ಟೂದರೊಳಗ ಆಫೀಸ್ ಬಾಗಲಾ ಹಾಕಿತ್ತು." ಆ ಗಾಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಕಡಿಮೆಯಾದರೆ ಒಳಗಿನ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ. ಆಯಿಲ್ ಬೆರೆಸಿದವನು ಅಪ್ಪ. ಕಿಕ್ ಹೊಡೆದು ನೋಡಿದ. ಅದು ಅರ್ಧಕ್ಕೇ ನಿಂತಿತು. ನಂಬಿಬಿಟ್ಟ.

ನಮ್ಮ ಸಂಘದಲ್ಲಿ ಒಂದು ಪದ್ಧತಿ ಇತ್ತಲ್ಲ, ತಪ್ಪಾದರೆ ಎಲ್ಲರೆದುರು ಎದ್ದು ನಿಂತು ತಾನೇ ಹೇಳಬೇಕು ಅಂತ. ಅಪ್ಪ ಜ್ವರದಲ್ಲೇ ಎದ್ದು ನಿಂತ. ನಲವತ್ತೆರಡು ಹೆಂಗಸರ ಮುಂದೆ, "ನನ್ನ ಕೈಲೇ ನಿಮ್ಮ ಮನಿ ಹೋತ್ರೆವ್ವಾ" ಅಂದ. ನನಗೆ ಹನ್ನೊಂದು ವರ್ಷ. ಗೋಡೆಗೆ ಒರಗಿ ನೋಡುತ್ತಿದ್ದೆ. ನೀವು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟು, ಕ್ಷಮಿಸಿದೆವು ಅಂದಿರಿ. ಚಪ್ಪಾಳೆ ಬಿತ್ತು. ಮುಂದೆ ಅವನು ಗಾಡಿಯನ್ನು ಯಾರಿಗೂ ಮುಟ್ಟಗೊಡಲಿಲ್ಲ, ತಾನೂ ಮುಟ್ಟಲಿಲ್ಲ. ತಾಡಪತ್ರಿ ಹೊದಿಸಿ ಮೂಲೆಗೆ ತಳ್ಳಿದ. ಚಳವಳಿ ನಮಗೆ ಪ್ರಶ್ನೆ ಕೇಳಲು ಕಲಿಸಿತು ಅಂತ ಭಾಷಣ ಮಾಡುತ್ತೀರಿ. ಅಂದು ಒಬ್ಬರಾದರೂ ಒಂದು ಪ್ರಶ್ನೆ ಕೇಳಿದರೇ? ತಪ್ಪೊಪ್ಪಿಕೊಳ್ಳುವವನು ಸಿಕ್ಕ ಮೇಲೆ ತಪ್ಪು ಹುಡುಕುವ ಗೊಡವೆ ಯಾರಿಗೆ ಬೇಕಿತ್ತು?

ತಲೆ ಬಿಚ್ಚಿದ ದಿನ ಬಾಳು ಪಿಸ್ಟನ್ನನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕಾ, ಆಯಿಲ್ ಇಲ್ದ ಜಾಮ್ ಆಗಿದ್ರ ಬೆಕ್ಕ ಪರಚಿದಂಗ ಗೀರ ಇರತಿದ್ವು. ಇದು ದ್ವಾಸಿ ಹಂಚಿನಂಗ ನುಣ್ಣಗ ಐತಿ. ಇದಕ್ಕ ಎಣ್ಣಿ ಕಡಿಮಿ ಬಿದ್ದೇ ಇಲ್ಲ." ಹಾಗಾದರೆ ಕಿಕ್ ಯಾಕೆ ನಿಂತಿತು? ಅದಕ್ಕೂ ಉತ್ತರ ಅಲ್ಲೇ ಇತ್ತು. ಪಿಸ್ಟನ್ನಿನ ನೆತ್ತಿಯ ಮೇಲೆ ಸಣ್ಣದೊಂದು ಕಬ್ಬಿಣದ ನಟ್ಟು ಕೂತಿತ್ತು, ಕಾಕಾ. ಪಿಸ್ಟನ್ ಮೇಲೆ ಬಂದಾಗಲೆಲ್ಲ ಅದು ತಲೆಗೆ ಸಿಕ್ಕು ತಡೆಯುತ್ತಿತ್ತು. ಅಲ್ಲಿಗೆ ನಟ್ಟು ಹೋಗಲು ಇರುವ ದಾರಿ ಒಂದೇ, ತಲೆಯಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿನ ತೂತು. ಪಾನಾ ಹಾಕಿ ಪ್ಲಗ್ ತೆಗೆಯದೆ ಆ ದಾರಿ ತೆರೆಯುವುದಿಲ್ಲ. "ಇಂಜಿನ್ ಓಡೂಮುಂದ ಬಿದ್ದಿದ್ರ ತಲಿ ತುಂಬ ಸಿಡಬಿನ ಕಲಿ ಆಗತಿದ್ವು. ಇಲ್ಲಿ ಪಿಸ್ಟನ್ ಮ್ಯಾಲ ಬರೇ ಎರಡ ಗುರುತ ಅದಾವ. ಗಾಡಿ ನಿಂತಾಗ ಹಾಕ್ಯಾರ," ಅಂದ ಬಾಳು.

ನಿಜ ಹೇಳುತ್ತೇನೆ, ಮೊದಲು ನಾನು ಸಂಶಯಪಟ್ಟದ್ದು ಅಪ್ಪನ ಮೇಲೆ. ಇಬ್ಬರೂ ಕೂಡಿಯೇ ಆಟ ಆಡಿದ್ದೀರೇನೋ ಅಂತ. ಎರಡು ದಿನ ಅವನ ಫೋಟೋದ ಕಡೆ ನೋಡಲಿಲ್ಲ. ಮೂರನೇ ದಿನ, ನಟ್ಟಿನ ಮಾತು ಎತ್ತದೆ, ಆ ಸಂಜೆ ಅಪ್ಪ ಏನು ಮಾಡಿದ ಅಂತ ಮಾತ್ರ ಅವ್ವನನ್ನು ಕೇಳಿದೆ. ಅವಳು ಎಲೆ ಕತ್ತರಿಸುತ್ತಲೇ ಹೇಳಿದಳು: "ಏನ್ ಮಾಡತಾನ? ಮೈ ಸುಡಾಕತ್ತಿತ್ತು. ಎರಡ ಸಲ ಕಿಕ್ ಹೊಡದ. ಆಮ್ಯಾಲ ಗಾಡಿ ಬಾಜೂಕ ಕುಂತು ಸಣ್ಣ ಹುಡುಗ್ರಂಗ ಅತ್ತ." ಎರಡು ಸಲ. ಎರಡೇ ಗುರುತು. ತಾನೇ ಹಾಕಿದ್ದರೆ ಕಿಕ್ ಯಾಕೆ ಹೊಡೆಯುತ್ತಿದ್ದ? ಎದ್ದು ಹೋಗಿ ಅವನ ಫೋಟೋದ ಧೂಳು ಒರೆಸಿದೆ.

ಈಗ ಉಳಿದದ್ದು ನೀವು. ನಟ್ಟು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಪ್ಲಗ್ ಒರೆಸುವಾಗ ಕೈತಪ್ಪಿ ಬಿತ್ತು ಅನ್ನುತ್ತೀರೋ? ಅನ್ನಿರಿ. ಆದರೆ ಆಯಿಲ್ ಕಡಿಮೆ ಅಂತ ಜ್ವರ ಬಂದವನ ತಲೆಗೆ ಕಟ್ಟಿದ್ದೇಕೆ? ಹಾದಿಯಲ್ಲಿ ಗಾಡಿ ನಿಂತರೆ ನಿಪ್ಪಾಣಿಯಿಂದ ಚಿಕ್ಕೋಡಿಗೆ ಬಸ್ಸಿರಲಿಲ್ಲವೇ? ಗಾಡಿ ಹೇರಲು ಟೆಂಪೋ ಸಿಕ್ಕಿತು, ಕಾಗದ ಒಯ್ಯಲು ಒಂದು ಬಸ್ಸು ಸಿಗಲಿಲ್ಲವೇ? ಆ ನಿವೇಶನಗಳು ಬೇರೆಯವರ ಪಾಲಾದವು. ಎರಡು ವರ್ಷದ ಮೇಲೆ ಅದೇ ಬಡಾವಣೆಯಲ್ಲಿ, ಮೂಲೆಯ ಜಾಗ ನಿಮ್ಮ ಹೆಂಡತಿ ಉಜ್ವಲಾ ಕಾಕುವಿನ ಹೆಸರಿಗೆ ಬಂತು. ಅದು ಹೇಗೆ? ಮತ್ತೆ ಈಗ ಸತ್ತ ಇಂಜಿನ್ನಿಗೆ ಇಷ್ಟು ಹೆದರುವುದೇಕೆ? ಹೆದರದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಡಬ್ಬಿಯ ಬಣ್ಣ ಬಡಿದು, ನಿಮ್ಮ ವೇದಿಕೆಯ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ.

ಬಣ್ಣ ಹಚ್ಚಿದ್ದೇನೆ. ನಿಮ್ಮದಲ್ಲ. ಅದು ಬಾಗಿಲು ಕಿಟಕಿಗೆ ಹಚ್ಚುವ ಬಣ್ಣ, ಇಂಜಿನ್ ಕಾದರೆ ಸುಲಿದು ಹೋಗುತ್ತದೆ. ಫೋಟೋಕ್ಕೆ ನಿಲ್ಲುವ ಗಾಡಿಗೆ ಸಾಕು, ಓಡುವ ಗಾಡಿಗೆ ಸಾಲದು. ಮಿರಜಿನಿಂದ ಕಾವು ತಡೆಯುವ ಕಪ್ಪು ಬಣ್ಣ ತಂದು ತೆಳ್ಳಗೆ ಮೂರು ಸಲ ಹಚ್ಚಿ, ಪ್ರತಿ ಸಲ ಬಿಸಿಲಿಗಿಟ್ಟು ಒಣಗಿಸಿದೆ. ರಿಂಗು, ಸೀಲು, ಬೇರಿಂಗು ಹೊಸವು. ಪಿಸ್ಟನ್ ಮಾತ್ರ ಹಳೆಯದೇ. ಎರಡು ಗುರುತನ್ನೂ ಉಜ್ಜಲು ಬಿಡಲಿಲ್ಲ. ಹೋದ ರವಿವಾರ ಆಯಿಲನ್ನು ಅಪ್ಪ ಬೆರೆಸುತ್ತಿದ್ದ ಅಳತೆಯಲ್ಲೇ ಬೆರೆಸಿದೆ. ನಾಲ್ಕನೇ ಕಿಕ್ಕಿಗೆ ಗಾಡಿ ಎದ್ದಿತು. ಹೊಗೆ ಓಣಿ ತುಂಬಿತು. ಬೀಡಿಯ ಮೊರ ಮಡಿಲಲ್ಲೇ ಇಟ್ಟುಕೊಂಡು ಹೆಂಗಸರು ಹೊರಗೆ ಬಂದರು. ನಲವತ್ತೆರಡರಲ್ಲಿ ಇಪ್ಪತ್ತೊಂಬತ್ತು ಮಂದಿ ಉಳಿದಿದ್ದಾರೆ, ಈಗಲೂ ಅದೇ ಗಟಾರದ ದಂಡೆಯ ಮೇಲೆ. ಅವ್ವ ಅವರೆದುರೇ ನಟ್ಟನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಯಾರೂ ಬೈಯಲಿಲ್ಲ, ಕಾಕಾ. ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬ ಮುದುಕಿ ಮಾತ್ರ, "ಲಗಮಪ್ಪ ಸಾಯೂತನಕ ಅವನ ಮಾರಿ ನೋಡದ ಹಾದಿ ತಪ್ಪಿಸಿ ಓಡ್ಯಾಡಿದೆ ನಾ" ಅಂದು ಸೆರಗು ಬಾಯಿಗಿಟ್ಟುಕೊಂಡಳು.

ನಿಮ್ಮ ವೇದಿಕೆಗೆ ಗಾಡಿ ಬರುವುದಿಲ್ಲ. ನೀವೇ ಗಾಡಿಯ ಮೇಲೆ ಬರಬೇಕು. ಏಪ್ರಿಲ್ ಹನ್ನೆರಡು, ರವಿವಾರ, ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಮೂಲೆಮನೆಯ ಮುಂದೆ ಹಾರ್ನ್ ಹೊಡೆಯುತ್ತೇನೆ. ಹಿಂದೆ ಕುಳಿತುಕೊಳ್ಳಿರಿ. ಹತ್ತಕ್ಕೆ ಓಣಿಯಲ್ಲಿ ಇಪ್ಪತ್ತೊಂಬತ್ತು ಮಂದಿ ಕಾಯುತ್ತಿರುತ್ತಾರೆ. ನಿಮಗೆ ಹೇಳಲು ಏನಿದೆಯೋ ಅವರಿಗೇ ಹೇಳಿರಿ. ಬಾಗಿಲು ಹಾಕಿದ್ದರೆ, ಅದನ್ನೇ ಉತ್ತರ ಅಂತ ಒಯ್ದು ಅವರಿಗೆ ಮುಟ್ಟಿಸುತ್ತೇನೆ.

ಅಲ್ಲಿಯವರೆಗೆ ನಿಮಗೆ ಒಳ್ಳೆಯ ಆರೋಗ್ಯವಿರಲಿ, ನೆನಪು ಇನ್ನೂ ಚೆನ್ನಾಗಿರಲಿ.

ಲಗಮಪ್ಪನ ಮಗಳು,
ಸಾರಿಕಾ