ನಾಲ್ಕನೇ ಕೌಂಟರಿನ ಚುಕ್ಕೆಗಳು

ಮನೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲು ನೋವು ಸ್ವಲ್ಪವಾದರೂ ಇಳಿಯಿತೇ, ಇಲ್ಲ ಈಗಲೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತೀಯೋ? ಪುಟ್ಟಿಗೆ ಬಿದ್ದುಹೋಗಿದ್ದ ಮುಂದಿನ ಎರಡು ಹಲ್ಲು ಮತ್ತೆ ಬಂದವೆಂದು ಅಮ್ಮ ಹೇಳಿದಳು. ಭಾವ ಹೇಗಿದ್ದಾರೆ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಪಾರ್ಸೆಲ್ ಗೋದಾಮಿನಲ್ಲಿ ದಿನವಿಡೀ ನಿಂತೇ ಕೆಲಸ ಮಾಡಬೇಕಂತೆ, ಸಂಜೆ ಕಾಲು ಊದಿಕೊಂಡಿರುತ್ತದಂತೆ. ಇದೂ ಅಮ್ಮ ಹೇಳಿದ್ದೇ. ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲವೆಂದು ನೀನು ಗಮನಿಸಿರಬಹುದು. ನಾನು ಬರೆದ ಎರಡು ಪತ್ರಗಳೂ ಒಡೆಯದೆ ವಾಪಸ್ಸು ಬಂದವು, ಎರಡರ ಮೇಲೂ ಭಾವನ ಗುಂಡಗಿನ ಅಕ್ಷರದಲ್ಲಿ ‘ಬೇಡ’ ಎಂದಿತ್ತು. ಫೋನು ಅಮ್ಮನ ಕೈಯಿಂದ ನನ್ನ ಕೈಗೆ ಬಂದ ಕೂಡಲೇ ನೀನು ಕಟ್ ಮಾಡುತ್ತೀಯ. ಹಾಗಾಗಿ ಈ ಸಲ ಆಸ್ಪತ್ರೆಯಲ್ಲಿ ಭಾವನ ಜೊತೆ ಕೆಲಸ ಮಾಡುತ್ತಿದ್ದ ಎರಡನೇ ಕೌಂಟರಿನ ಮೇಡಂ ಕೈಲಿ ವಿಳಾಸ ಬರೆಸಿದ್ದೇನೆ. ಮೋಸವೇ ಸರಿ, ಆದರೆ ಪೂರ್ತಿ ಓದು.

ಇಲ್ಲಿ ಅಮ್ಮ ಆರೋಗ್ಯವಾಗಿದ್ದಾಳೆ. ಹೊಸ ಕನ್ನಡಕ ಬಂದಿದೆ, ಅದು ಬಂದ ಮೇಲೆ ನನಗೆ ಒಂದೇ ಕಾಟ. ‘ಯಾಕೋ ಇಷ್ಟು ಸೊರಗಿದೀಯ, ಕಣ್ಣ ಕೆಳಗೆಲ್ಲಾ ಕಪ್ಪಾಗಿದೆ’ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಹಳೇ ಕನ್ನಡಕದಲ್ಲಿ ನಾನು ಚೆನ್ನಾಗಿಯೇ ಇದ್ದೆ. ನೀವು ಹೋದ ಮೇಲೆ ನಿಮ್ಮ ಕೋಣೆಗೆ ಯಾರೂ ಕಾಲಿಟ್ಟಿಲ್ಲ. ಇಸ್ತ್ರಿ ಮೇಜು ಹಾಗೇ ಇದೆ, ಪುಟ್ಟಿ ಗೋಡೆಯ ಮೇಲೆ ಗೀಚಿದ ಬೆಕ್ಕೂ ಹಾಗೇ ಇದೆ. ಅಮ್ಮನಿಗೆ ನಾನು ಈಗ ಬರೆಯುತ್ತಿರುವ ಯಾವ ಸಂಗತಿಯನ್ನೂ ಹೇಳಿಲ್ಲ. ಮೊದಲು ನಿನಗೇ ಹೇಳಬೇಕು ಅನ್ನಿಸಿತು.

ನಿನಗೆ ಗೊತ್ತಿರುವುದನ್ನೇ ಮೊದಲಿಂದ ಹೇಳುತ್ತೇನೆ. ಆಗ ಭಾವ ಸಿಟ್ಟಿನಲ್ಲಿ ಅರ್ಧ ಹೇಳಿದರು, ನಾನು ಜಂಬದಲ್ಲಿ ಅರ್ಧ ಹೇಳಿದೆ, ಎರಡನ್ನೂ ಕೂಡಿಸಿ ಯಾರೂ ನೋಡಲಿಲ್ಲ. ಆಸ್ಪತ್ರೆಯ ಕಂಪ್ಯೂಟರುಗಳು ಬೆಳಿಗ್ಗೆ ಶುರುವಾಗಲು ಬಹಳ ಹೊತ್ತು ಹಿಡಿಯುತ್ತವೆ, ಇದಕ್ಕೊಂದು ದಾರಿ ಮಾಡಿ ಎಂದು ಸೂಪರಿಂಟೆಂಡೆಂಟ್ ಮೇಡಂ ಆ ಯಂತ್ರಗಳನ್ನು ನೋಡಿಕೊಳ್ಳುವ ನನಗೆ ಹೇಳಿದ್ದರು. ಅಳತೆ ಎಂದರೆ ನನಗೆ ಹಬ್ಬ, ನಿನಗೆ ಗೊತ್ತು. ಚಿಕ್ಕವನಿದ್ದಾಗ ನೀನು ಜಡೆ ಹೆಣೆಯಲು ಎಷ್ಟು ನಿಮಿಷ ಹಿಡಿಯುತ್ತದೆಂದು ಅಪ್ಪನ ವಾಚು ಹಿಡಿದು ಕೂತು ನಿನ್ನ ಕೈಲಿ ಬಾಚಣಿಗೆ ಏಟು ತಿಂದವನು ನಾನು. ಭಾವ ಸುಮ್ಮನೆ ನನ್ನನ್ನು ‘ಸೆಕೆಂಡು ಸಾಹೇಬ್ರು’ ಎಂದು ಕರೆಯುತ್ತಿರಲಿಲ್ಲ. ಒಂದು ಪುಟ್ಟ ಪ್ರೋಗ್ರಾಮು ಬರೆದು ಎಲ್ಲ ಯಂತ್ರಗಳಿಗೂ ಹಾಕಿದೆ. ಬಟನ್ ಒತ್ತಿದ ಕ್ಷಣದಿಂದ ಪಾಸ್‌ವರ್ಡ್ ಕೇಳುವ ಪರದೆ ಬರುವವರೆಗೆ ಎಷ್ಟು ಸೆಕೆಂಡು ಎಂದು ಅದು ತನ್ನಷ್ಟಕ್ಕೆ ಬರೆದಿಡುತ್ತಿತ್ತು. ವಾರಕ್ಕೊಮ್ಮೆ ಅದರ ಗ್ರಾಫು ತೆಗೆದು, ಕೆಳಗೆ ತಾರೀಖು, ಪಕ್ಕದಲ್ಲಿ ಸೆಕೆಂಡು, ನಡುವೆ ದಪ್ಪ ನೀಲಿ ಗೆರೆ, ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದೆ. ಮೊದಲ ತಿಂಗಳು ಗೆರೆ ಮೂರು ನಿಮಿಷದ ಹತ್ತಿರ ಮಲಗಿತ್ತು. ಅದನ್ನು ಇಳಿಸುವುದೇ ನನ್ನ ಬದುಕಿನ ಗುರಿ ಎನ್ನುವ ಹಾಗೆ ನಾನು ಅದರ ಹಿಂದೆ ಬಿದ್ದೆ.

ಇಳಿಸಿದೆ. ನಲವತ್ತಾರು ಸೆಕೆಂಡಿಗೆ ಇಳಿಸಿದೆ. ಹೇಗೆಂದು ಆಗ ಯಾರೂ ಕೇಳಲಿಲ್ಲ, ಈಗ ಹೇಳುತ್ತೇನೆ. ಯಂತ್ರ ಏಳುವಾಗ ಮಾಡಬೇಕಾದ ಕೆಲಸಗಳು ಬೇಕಾದಷ್ಟಿರುತ್ತವೆ. ವೈರಸ್ ಹುಡುಕಬೇಕು, ಪ್ರಿಂಟರನ್ನು ಮಾತಾಡಿಸಬೇಕು, ರೋಗಿಗಳ ಪಟ್ಟಿಯಿರುವ ದೊಡ್ಡ ಯಂತ್ರದ ಜೊತೆ ಸಂಪರ್ಕ ಮಾಡಬೇಕು. ಅವನ್ನೆಲ್ಲ ನಾನು ಪಾಸ್‌ವರ್ಡಿನ ಆಚೆಗೆ ತಳ್ಳಿದೆ. ಪರದೆ ಬೇಗ ಬಂತು, ನನ್ನ ಪ್ರೋಗ್ರಾಮು ಅಲ್ಲಿಗೆ ಎಣಿಕೆ ನಿಲ್ಲಿಸಿತು, ಗೆರೆ ಸರ್ರನೆ ಕೆಳಗಿಳಿಯಿತು. ತಳ್ಳಿದ ಕೆಲಸಗಳು ಎಲ್ಲಿ ಹೋದಾವು? ಪಾಸ್‌ವರ್ಡ್ ಹೊಡೆದ ಕೂಡಲೇ ಎಲ್ಲವೂ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ನುಗ್ಗುತ್ತಿದ್ದವು. ಮೊದಲು ಒಂದರ ಹಿಂದೊಂದು ಮೂರು ನಿಮಿಷದಲ್ಲಿ ಮುಗಿಯುತ್ತಿದ್ದದ್ದು ಈಗ ಒಂದನ್ನೊಂದು ತಡೆದುಕೊಂಡು ಅದರ ಮೂರು ಪಟ್ಟು ಹಿಡಿಯುತ್ತಿತ್ತು. ಅದನ್ನು ನಾನು ಅಳೆಯುತ್ತಿರಲಿಲ್ಲ, ಅಕ್ಕ. ಪರದೆ ಬಂದರೆ ಯಂತ್ರ ಎದ್ದ ಹಾಗೆ ಎಂದುಕೊಂಡಿದ್ದೆ. ಕಣ್ಣು ಬಿಟ್ಟವನೆಲ್ಲ ಎದ್ದವನಲ್ಲ ಎಂಬುದು ನನಗೇ ಬೆಳಿಗ್ಗೆ ಬೆಳಿಗ್ಗೆ ಅನುಭವವಿದ್ದರೂ ತಲೆಗೆ ಹೋಗಲಿಲ್ಲ. ಮೇಡಂ ಮೀಟಿಂಗಿನಲ್ಲಿ ನನ್ನ ಗ್ರಾಫನ್ನು ಎಲ್ಲರಿಗೂ ತೋರಿಸಿದರು. ಆ ದಿನ ಮನೆಗೆ ಬಂದು ನಿನ್ನ ಮುಂದೆ ಎಷ್ಟು ಕೊಚ್ಚಿಕೊಂಡೆ ಎಂದು ನೆನೆಸಿಕೊಂಡರೆ ಈಗ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಭಾವ ಎರಡು ಸಲ ಹೇಳಿದ್ದರು. ‘ನಿನ್ನ ಗೆರೆ ಇಳೀತಿದೆ, ನನ್ನ ಮಿಷನ್ನು ಏಳ್ತಿಲ್ಲ. ಒಂದ್ಸಲ ಬಂದು ನನ್ನ ಕುರ್ಚೀಲಿ ಕೂತು ನೋಡಯ್ಯ’ ಎಂದಿದ್ದರು. ನಾನು ನಕ್ಕು ಬೋರ್ಡಿನ ಕಡೆ ಕೈ ತೋರಿಸಿದೆ. ಆಮೇಲೆ ಆ ಸೋಮವಾರ ಬಂತು. ಎಂಟಕ್ಕೆ ಶುರುವಾಗಬೇಕಾದ ಭಾವನ ನಾಲ್ಕನೇ ಕೌಂಟರು ಎಂಟು ಗಂಟೆ ಮೂರು ನಿಮಿಷವಾದರೂ ರೋಗಿಗಳಿಗೆ ನೋಂದಣಿ ಚೀಟಿ ಕೊಟ್ಟಿರಲಿಲ್ಲ. ಸಾಲಿನಲ್ಲಿ ಮೊದಲು ನಿಂತಿದ್ದ ಮುದುಕರು ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಂಡರು. ಅವರ ಮಗ ದೂರು ಕೊಟ್ಟ, ವಿಚಾರಣೆಗೆ ಮೂವರು ಕೂತರು. ಭಾವ, ‘ನಾನು ಏಳು ಐವತ್ತೈದಕ್ಕೇ ಬಂದು ಆನ್ ಮಾಡಿ ಕೂತಿದ್ದೆ, ದಿನಾ ಹಾಗೇ ಮಾಡೋದು’ ಅಂದರು. ಮಿಕ್ಕ ಐದು ಕೌಂಟರು ಸರಿಯಾಗಿ ಎಂಟಕ್ಕೆ ಶುರುವಾಗುವಾಗ ನಿಮ್ಮದೊಂದಕ್ಕೆ ಏನು ರೋಗ ಎಂದು ಅವರು ಕೇಳಿದರು. ನನ್ನನ್ನು ಕರೆಸಿದರು. ನಾನು ಗ್ರಾಫು ಹಿಡಿದುಕೊಂಡೇ ಹೋಗಿದ್ದೆ. ಮೇಜಿನ ಮೇಲೆ ಹರಡಿ, ನಲವತ್ತಾರು ಸೆಕೆಂಡು ಅಂದೆ. ಭಾವ ನನ್ನ ಮುಖ ನೋಡಿದರು. ನಾನು, ‘ಗ್ರಾಫು ಸುಳ್ಳು ಹೇಳಲ್ಲ ಭಾವ’ ಅಂದೆ. ಹತ್ತೊಂಬತ್ತು ವರ್ಷ ಕೆಲಸ ಮಾಡಿದವರನ್ನು ತಡವಾಗಿ ಬಂದರು, ಮೇಲಾಗಿ ಸುಳ್ಳು ಹೇಳಿದರು ಎಂದು ಬರೆದು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಬರೆ ಕಾಯಿಸಿ ಕೊಟ್ಟವನು ನಾನು.

ನೀವು ಸಾಮಾನು ಕಟ್ಟಿ ಹೊರಟ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. ‘ನೀನು ಅಳೆದಿದ್ದು ಸರಿ ಇರಬಹುದು ಕಣೋ. ಅವರು ಸುಳ್ಳು ಹೇಳೋರಲ್ಲ, ಅದೂ ನಂಗೆ ಗೊತ್ತು. ಎರಡೂ ಹೇಗೆ ಸರಿಯಾಗತ್ತೆ, ನೀನೇ ನೋಡು’ ಎಂದಿದ್ದೆ. ನಾನು ನೋಡಲಿಲ್ಲ. ಹನ್ನೊಂದು ತಿಂಗಳು ನೋಡಲಿಲ್ಲ. ಭಾವನೇ ಏನೋ ಮುಚ್ಚಿಡುತ್ತಿದ್ದಾರೆ, ಕಾಫಿಗೋ ಹರಟೆಗೋ ಹೋಗಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಹೋದ ತಿಂಗಳು ಒಂದು ಭಾನುವಾರ ತಂತಿ ರಿಪೇರಿಗೆಂದು ಇಡೀ ನೋಂದಣಿ ಹಾಲಿನ ಕರೆಂಟು ತೆಗೆದಿದ್ದರು. ಮಾರನೇ ದಿನ ಎಂಟು ಗಂಟೆಗೆ ಆರೂ ಕೌಂಟರು ಬಂದ್. ಜನ ಗಾಜಿಗೆ ಬಡಿಯುತ್ತಿದ್ದರು. ನಾನು ಓಡಿದೆ. ಖಾಲಿ ಇದ್ದದ್ದು ನಾಲ್ಕನೇ ಕೌಂಟರು, ಭಾವನ ಜಾಗಕ್ಕೆ ಬಂದ ಹೊಸ ಹುಡುಗಿ ರಜೆಯಲ್ಲಿದ್ದಳು. ಭಾವನ ಕುರ್ಚಿಯಲ್ಲೇ ಕೂತೆ. ಪಾಸ್‌ವರ್ಡಿನ ಪರದೆ ಟಕ್ಕನೆ ಬಂತು. ಹೊಡೆದೆ. ಆಮೇಲೆ ಪರದೆಯ ಮೇಲೆ ಮರಳ ಗಡಿಯಾರದ ಚಿತ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಗಾಜಿನ ಆಚೆ ಒಬ್ಬಾಕೆ ಮಗುವನ್ನು ಹೆಗಲು ಬದಲಿಸಿಕೊಳ್ಳುತ್ತ ನನ್ನನ್ನೇ ದಿಟ್ಟಿಸುತ್ತಿದ್ದಳು, ನಾನು ಬೇಕೆಂದೇ ಸುಮ್ಮನೆ ಕೂತಿದ್ದೇನೆ ಎನ್ನುವ ಹಾಗೆ. ಆ ನೋಟವನ್ನು ಭಾವ ತಿಂಗಳುಗಟ್ಟಲೆ ಬೆಳಿಗ್ಗೆ ಎದ್ದು ಬಂದು ತಿಂದಿದ್ದಾರೆ. ಇವತ್ತು ಹೀಗೇಕಾಯಿತು ಎಂದು ಎರಡನೇ ಕೌಂಟರಿನ ಮೇಡಂ ಅವರನ್ನು ಕೇಳಿದೆ. ಅವರು ತಲೆ ಎತ್ತದೆ, ‘ಆಫ್ ಮಾಡಿದ್ರೆ ದಿನಾ ಹೀಗೇ ಅಲ್ವಾ ಸಾರ್. ಅದಕ್ಕೇ ನಾವ್ಯಾರೂ ಆಫ್ ಮಾಡಲ್ಲ, ಪರದೆ ಆರಿಸಿ ಹೋಗ್ತೀವಿ. ನಿಮ್ಮ ಭಾವನೋರು ಒಬ್ರೇ ಮಾಡ್ತಿದ್ದಿದ್ದು’ ಅಂದರು. ಮತ್ತೆ ಗೋಡೆಯ ಕಡೆ ಕೈ ತೋರಿಸಿ, ‘ನೀವೇ ಅಲ್ವಾ ಚೀಟಿ ಅಂಟಿಸಿದ್ದು’ ಅಂದರು.

ಚೀಟಿ ಇನ್ನೂ ಗೋಡೆಯ ಮೇಲಿತ್ತು, ಅಕ್ಕ. ‘ಮನೆಗೆ ಹೊರಡುವ ಮುನ್ನ ದಯವಿಟ್ಟು ಕಂಪ್ಯೂಟರ್ ಆಫ್ ಮಾಡಿ’, ಕೆಳಗೆ ನನ್ನ ಸಹಿ. ಆರು ಜನರಲ್ಲಿ ಅದನ್ನು ಪಾಲಿಸಿದವರು ಒಬ್ಬರೇ. ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಮೇಡಂ, ‘ನಮ್ಮನ್ಯಾರೂ ಕೇಳ್ಲಿಲ್ಲ. ಹೇಳಿದ್ರೆ ರೂಲ್ಸ್ ಮುರಿದೋರು ನಾವಾಗ್ತಿದ್ವಿ’ ಅಂದರು. ತಪ್ಪೇನಿಲ್ಲ, ಅವರಿಗೂ ಮನೆ ಮಠ ಇದೆ. ನನ್ನ ಕೋಣೆಗೆ ವಾಪಸ್ಸು ಬಂದು ಹಳೇ ದಾಖಲೆ ತೆಗೆದೆ. ಗ್ರಾಫಿನ ಗೆರೆಯ ಹಿಂದೆ, ಯಂತ್ರ ಒಂದೊಂದು ಸಲ ಆನ್ ಆದಾಗಲೂ ಒಂದೊಂದು ಚುಕ್ಕೆ ಇರುತ್ತದೆ. ಗೆರೆ ಚೊಕ್ಕವಾಗಿ ಕಾಣಲಿ ಎಂದು ನಾನೇ ಚುಕ್ಕೆಗಳನ್ನು ಮರೆಮಾಡಿದ್ದೆ. ಈಗ ಅವನ್ನು ಬಿಡಿಸಿ ನೋಡಿದರೆ ನೋಂದಣಿ ಹಾಲಿನಲ್ಲಿ ದಿನಕ್ಕೆ ಒಂದೇ ಚುಕ್ಕೆ. ಕೆಲಸದ ದಿನ ಒಂದೂ ತಪ್ಪಿಲ್ಲ. ಎಲ್ಲವೂ ನಾಲ್ಕನೇ ಕೌಂಟರಿನವು, ಎಲ್ಲವೂ ಏಳು ಐವತ್ತೈದರ ಆಸುಪಾಸಿನವು. ಮುನ್ನೂರ ಹನ್ನೊಂದು ಚುಕ್ಕೆ ಎಣಿಸಿದೆ. ಆ ಸೋಮವಾರದ್ದು ಏಳು ಐವತ್ತನಾಲ್ಕು. ಭಾವ ತಡವಾಗಿ ಬಂದಿರಲಿಲ್ಲ ಎಂಬುದಕ್ಕೆ ಸಾಕ್ಷಿ ಅವತ್ತು ಆ ಮೇಜಿನ ಮೇಲೆ ನನ್ನ ಕಾಗದದಲ್ಲೇ ಇರಬೇಕಿತ್ತು, ನಾನೇ ಮರೆಮಾಡಿ ತೆಗೆದುಕೊಂಡು ಹೋಗಿದ್ದೆ. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಅಪ್ಪ ಹೋದಾಗ ಕೂಡ ಹಾಗೆ ಅತ್ತಿರಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆಮೇಲೆ ಹನ್ನೆರಡು ದಿನ ಸಂಜೆ ಹೋಗಿ ನಾಲ್ಕನೇ ಕೌಂಟರಿನ ಯಂತ್ರ ಆಫ್ ಮಾಡಿದೆ, ಬೆಳಿಗ್ಗೆ ಏಳೂವರೆಗೇ ಕಾವಲಿನವನ ಕೈಕಾಲು ಹಿಡಿದು ಬಾಗಿಲು ತೆಗೆಸಿ ಕೂತೆ. ಈ ಸಲ ಪ್ರೋಗ್ರಾಮು ಬೇಡವೆಂದು ಅಪ್ಪನ ವಾಚಿನಲ್ಲೇ ಅಳೆದೆ, ಮೊದಲ ರೋಗಿಯ ಹೆಸರು ಬರೆಯಲು ಬರುವವರೆಗೆ. ಒಂಬತ್ತು ನಿಮಿಷ ನಲವತ್ತು ಸೆಕೆಂಡು, ಹೆಚ್ಚುಕಮ್ಮಿ ಪ್ರತಿದಿನ. ಗ್ರಾಫು ಕಾಗದದ ಮೇಲೆ ಕೈಯಲ್ಲೇ ಬರೆದೆ. ನೀಲಿ ಗೆರೆ ನನ್ನದು, ಕೆಳಗೆ ನೆಲ ಹಿಡಿದಿದೆ. ಕೆಂಪು ಗೆರೆ ಭಾವನದು, ಕಾಗದದ ಮೇಲಿನ ತುದಿಯಲ್ಲಿದೆ. ನಡುವಿನ ಬಿಳಿ ಜಾಗ ಪೂರ್ತಿ ಅವರು ಸುಮ್ಮನೆ ಕೂತು ಬೈಸಿಕೊಂಡ ಹೊತ್ತು. ತಳ್ಳಿದ ಕೆಲಸಗಳನ್ನೆಲ್ಲ ಮತ್ತೆ ಮೊದಲಿನ ಜಾಗಕ್ಕೆ ತಂದೆ, ಯಂತ್ರ ಮೂರೂವರೆ ನಿಮಿಷದಲ್ಲಿ ಸರಿಯಾಗಿ ಎದ್ದಿತು. ಅರ್ಧ ಗಂಟೆಯ ಕೆಲಸ ಅಕ್ಕ. ಅವತ್ತು ಅವರು ಕರೆದಾಗ ಹೋಗಿ ಕೂತಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಅವರ ಬಗ್ಗೆ ನನಗೆ ಒಳಗೊಳಗೇ ಇದ್ದ ತಾತ್ಸಾರವನ್ನೂ ಹೇಳಿಬಿಡುತ್ತೇನೆ. ಕೀಲಿಮಣೆಯ ಮೇಲೆ ಎರಡೇ ಬೆರಳಲ್ಲಿ ಕುಟ್ಟುವ ಮನುಷ್ಯ, ಇವರಿಗೇನು ಗೊತ್ತು ಅಂದುಕೊಂಡಿದ್ದೆ. ಬೇರೆ ಯಾರೋ ಗುಮಾಸ್ತ ಅದೇ ಮಾತು ಹೇಳಿದ್ದರೆ ಹೋಗಿ ನೋಡುತ್ತಿದ್ದೆನೋ ಏನೋ. ಮನೆಯವರ ಮಾತಾದ್ದರಿಂದ ನೋಡಲಿಲ್ಲ. ಇದನ್ನು ನೀನು ಅವರಿಗೆ ಹೇಳುವುದು ಬೇಡ, ಅಥವಾ ಹೇಳು, ನನಗೆ ತಿಳಿಯುತ್ತಿಲ್ಲ.

ನಿನ್ನ ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ತಿಳಿಸಲು ಆಗದಿದ್ದರೆ ಬೇಡ. ಪುಟ್ಟಿಯ ಹೊಸ ಹಲ್ಲಿಗೆ ಮಾವನದೊಂದು ಮುತ್ತು. ಅಮ್ಮ ಪಕ್ಕದ ಕೋಣೆಯಿಂದ ‘ಯಾರಿಗೋ ಬರೀತಿರೋದು’ ಎಂದು ಎರಡು ಸಲ ಕೇಳಿಯಾಯಿತು.

ಇಂತಿ ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ಇದನ್ನೆಲ್ಲ ಬರೆದು, ಸಹಿ ಹಾಕಿ, ಎರಡು ಗ್ರಾಫೂ ಚುಕ್ಕೆಗಳ ಪಟ್ಟಿಯೂ ಸೇರಿಸಿ ನಿನ್ನೆ ಕಚೇರಿಗೆ ಕೊಟ್ಟೆ. ‘ಯಂತ್ರ ಸರಿಯಾಯ್ತಲ್ಲ, ಸುಮ್ನಿರಿ, ಹಳೇದನ್ನ ಯಾಕೆ ಕೆದಕ್ತೀರ’ ಎಂದರು ಸೂಪರಿಂಟೆಂಡೆಂಟ್ ಮೇಡಂ. ನಾನು ವಾಪಸ್ಸು ತೆಗೆದುಕೊಳ್ಳಲಿಲ್ಲ. ಸಂಜೆ ನನ್ನ ಕೋಣೆಯ ಕೀಲಿ ಈಸಿಕೊಂಡರು, ಮತ್ತೆ ಕರೆಯುವವರೆಗೆ ಬರಬೇಡಿ ಅಂದರು. ನನ್ನ ಹೇಳಿಕೆ ನನ್ನ ಕೆಲಸ ಕಳೆಯಲು ಸಾಕು, ಭಾವನ ಕೆಲಸ ವಾಪಸ್ಸು ಕೊಡಿಸಲು ಸಾಲದು. ಅದಕ್ಕೆ ಮೇಲ್ಮನವಿ ಅವರೇ ಹಾಕಬೇಕಂತೆ, ವರ್ಷ ತುಂಬುವುದರೊಳಗೆ, ಅಂದರೆ ಇದೇ ಇಪ್ಪತ್ತೆಂಟರೊಳಗೆ. ಅರ್ಜಿ ಈ ಲಕೋಟೆಯಲ್ಲೇ ಇದೆ, ಎಲ್ಲ ತುಂಬಿದ್ದೇನೆ, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ನನ್ನನ್ನು ಕ್ಷಮಿಸಬೇಕೆಂದು ಅದರಲ್ಲಿ ಎಲ್ಲೂ ಬರೆದಿಲ್ಲ, ಎರಡು ಸಲ ಓದಿ ನೋಡಿದೆ. ಸಹಿ ಒಂದು ಹಾಕಿದರೆ ಸಾಕು ಎಂದು ಹೇಳು.