ಒಂದೇ ಚಪ್ಪರದ ಬಸಳೆ, ಅಲಸಂಡೆ

6 ಜನವರಿ 2017, ಶುಕ್ರವಾರ
ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಪಾರ್ಕಿಗೆ. ಪಾತಿಗೆ ಡ್ರಿಪ್ ನೀರು ಬಿಟ್ಟೆ — ಹದಿನೈದು ನಿಮಿಷ, ಹೆಚ್ಚಿಲ್ಲ. ನಿಯಮ. ಪಾರ್ಕಿನ ಈ ಮೂಲೆಯನ್ನು ಪಾತಿ ಮಾಡಿ ಅಬುಧಾಬಿಯ ನಮ್ಮಂಥವರಿಗೆ ಲೀಸಿಗೆ ಕೊಟ್ಟಿದ್ದಾರೆ. ಸಹಿ ಹಾಕಿದ ಕಾಗದ ಎರಡು ಪುಟ. ಕೀಟನಾಶಕ ಹೊಡೆಯಬಾರದು, ರಾಸಾಯನಿಕ ಗೊಬ್ಬರ ಬೇಡ, ಗಾಫ್ ಮರದ ಬುಡ ಅಗೆಯಬಾರದು. ತಪ್ಪಿದರೆ ಪಾತಿ ವಾಪಸ್. ಎರಡು ವರ್ಷ ವೇಟಿಂಗ್ ಲಿಸ್ಟಿನಲ್ಲಿದ್ದು ಸಿಕ್ಕಿದ್ದು.

ಪಕ್ಕದ ಪಾತಿ ಬದ್ರುದ್ದೀನ್ ಭಾಯಿಯದು. ಉಳ್ಳಾಲದವರು, ಟೈಪಿಂಗ್ ಸೆಂಟರಿನಲ್ಲಿ ಕೆಲಸ. ನಡುವೆ ಒಂದೇ ಚಪ್ಪರ — ಆಚೆಯಿಂದ ಅವರ ಬಸಳೆ, ಈಚೆಯಿಂದ ನನ್ನ ಅಲಸಂಡೆ. ಬೀಜ ಕೊಟ್ಟದ್ದೂ ನೆಡಲು ಕಲಿಸಿದ್ದೂ ಅವರೇ.

11 ಜನವರಿ, ಬುಧವಾರ
ಅಲಸಂಡೆಗೆ ಕಪ್ಪು ಹೇನು. ಕುಡಿ ಪೂರಾ. ಬೇವಿನೆಣ್ಣೆ, ಸೋಪಿನ ನೀರು — ಅಷ್ಟಕ್ಕೆ ಮಾತ್ರ ಅನುಮತಿ. ಮೂರು ಸಲ ಹೊಡೆದೆ. ಏನೂ ಆಗಲಿಲ್ಲ. ಕುಡಿ ಚಿವುಟಿ ಬಿಸಾಡಿ, ಸ್ವಲ್ಪ ತಾಳಿ ಅಂದರು ಭಾಯ್. ಈಗಷ್ಟೇ ಹೂ ಬಿಟ್ಟ ಬಳ್ಳಿ. ಹೇಗೆ ಚಿವುಟಲಿ...

13 ಜನವರಿ, ಶುಕ್ರವಾರ, ಬೆಳಿಗ್ಗೆ 6.40
ಅಡುಗೆಮನೆಯ ಜಿರಳೆ ಸ್ಪ್ರೇ ಬ್ಯಾಗಿನಲ್ಲಿ ಒಯ್ದೆ. ಯಾರೂ ಇರಲಿಲ್ಲ. ಹೊಡೆದೆ. ಗಾಳಿ ಬಸಳೆಯ ಕಡೆಗಿತ್ತು.

17 ಜನವರಿ, ಮಂಗಳವಾರ
ಹೇನು ಖಲಾಸ್. ಚಪ್ಪರದಡಿ ಜೇನುನೊಣ ಸತ್ತು ಬಿದ್ದಿದ್ದವು. ಮಣ್ಣು ಮುಚ್ಚಿದೆ. ಸ್ಪ್ರೇ ತಾಗಿದ ನನ್ನ ಎಲೆಗಳನ್ನೆಲ್ಲ ಕಿತ್ತೆಸೆದೆ.

ಭಾಯ್ ಒಂದು ಕಟ್ಟು ಬಸಳೆ ಕೊಟ್ಟರು. ಅವರ ಹೆಂಡತಿ ಲೈಲಾ ನಿನ್ನೆ ಸಿಗಡಿ ಹಾಕಿ ಮಾಡಿದ್ದಳಂತೆ, ಬಹಳ ಚೆನ್ನಾಗಿತ್ತಂತೆ. ಮನೆಗೆ ತಂದು ಕಸದ ಡಬ್ಬಕ್ಕೆ ಹಾಕಿದೆ. ಮಗಳು ಫಿಯೋನಾ ನೋಡಿದಳು.

"ವೈ ಮಮ್ಮಾ? ಇಟ್ಸ್ ಫ್ರೆಶ್."

ಹುಳ ಇದೆ ಅಂದೆ.

ಅವರಿಗೆ ಮಾತ್ರ ತಿನ್ನಬೇಡಿ ಎನ್ನಲಿಲ್ಲ. ನರ್ಸ್ ನಾನು.

2 ಫೆಬ್ರವರಿ, ಗುರುವಾರ
ಹದಿನೈದು ದಿನ ಬರೆಯಲಾಗಲಿಲ್ಲ. ತೋಟದ ಇನ್‌ಚಾರ್ಜ್ ಸುಸನ್ ಕಳೆದ ವಾರ ಪ್ರತಿ ಪಾತಿಯಿಂದ ಎಲೆ ಕಿತ್ತು ಲ್ಯಾಬಿಗೆ ಕಳಿಸಿದ್ದಳು. ಇಂದು ರಿಪೋರ್ಟ್. ಬಸಳೆಯಲ್ಲಿ ಕೀಟನಾಶಕ. ನನ್ನ ಅಲಸಂಡೆ ಕ್ಲೀನ್ — ಚಿಗುರಿದ್ದೆಲ್ಲ ಹೊಸ ಎಲೆ.

ಭಾಯ್ ಶನಿವಾರದೊಳಗೆ ಪಾತಿ ಖಾಲಿ ಮಾಡಬೇಕು.

3 ಫೆಬ್ರವರಿ, ಶುಕ್ರವಾರ
ಹೋದಾಗ ಚಪ್ಪರದಿಂದ ಬಸಳೆ ಬಿಡಿಸುತ್ತಿದ್ದರು. ಒಂದೊಂದೇ ಬಳ್ಳಿ, ತುಂಡಾಗದ ಹಾಗೆ. ಹೇಗೂ ಎಸೆಯುವುದೇ.

"ಇಪ್ಪತ್ತಾರು ವರ್ಷ ಆಯ್ತು ಸಿಸ್ಟರ್ ಇಲ್ಲಿ. ಒಂದು ಟ್ರಾಫಿಕ್ ಫೈನ್ ಸಹ ಇಲ್ಲ ನಂಗೆ."

ಎಷ್ಟು ಹೇಳಿದರೂ ಸುಸನ್ ನಂಬಲಿಲ್ಲವಂತೆ. ಲೈಲಾ ಕೂಡ ಕೇಳಿದಳಂತೆ — ನಿಜ ಹೇಳಿ, ಹೊಡೆದಿರಾ ಅಂತ. ಅದನ್ನು ಹೇಳುವಾಗ ಮುಖ ಆಚೆ ತಿರುಗಿಸಿದರು.

"ನಾನು ಹೊಡೆದದ್ದು," ಅಂದೆ. "ಜಿರಳೆಯ ಸ್ಪ್ರೇ."

ಬಳ್ಳಿ ಹಿಡಿದುಕೊಂಡೇ ನಿಂತರು.

"ನಾವು ತಿಂದೆವಲ್ಲ," ಅಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ತಡೆದುಕೊಳ್ಳಬಹುದಿತ್ತು.

ಅವರೆದುರೇ ಸುಸನ್‌ಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಜೇನುನೊಣ ಸಹ.

10 ಫೆಬ್ರವರಿ, ಶುಕ್ರವಾರ
ನನ್ನ ಲೀಸ್ ರದ್ದು. ಅವರ ಪಾತಿ ಅವರಿಗೇ. ಎರಡೂ ಪಾತಿಯ ಮೇಲ್ಮಣ್ಣು ತೆಗೆದು ಹೊಸತು ತುಂಬಬೇಕು ಅಂದಳು ಸುಸನ್. ನಾನೇ ಮಾಡುತ್ತೇನೆ ಅಂದೆ. ಗಂಡ ಪಾಯ್ಸ್ ಬರುತ್ತೇನೆ ಅಂದರು. ಬೇಡ ಅಂದೆ.

ಅಂಗೈಯಲ್ಲಿ ಬೊಬ್ಬೆ. ಲೈಲಾ ದೂರದ ಬೆಂಚಿನಲ್ಲಿ ಕುಳಿತಿದ್ದಳು, ಈಚೆ ನೋಡಲಿಲ್ಲ. ಇಬ್ಬರಿಗೂ ಏನೂ ಆಗಿಲ್ಲ, ಡಾಕ್ಟರಿಗೆ ತೋರಿಸಿ ಬಂದೆವು — ನಾನು ಕೇಳುವ ಮೊದಲೇ ಹೇಳಿದರು ಭಾಯ್. ಬುಟ್ಟಿ ತುಂಬಿದಾಗ ಒಂದು ಕಡೆ ಅವರೂ ಹಿಡಿದರು.

"ಬುಧವಾರ ಬಸಳೆಯ ಹೊಸ ದಂಟು ನೆಡುದು. ಒಬ್ಬನಿಗೆ ಆಗುದಿಲ್ಲ. ಬರ್ತೀರಾ?"

ನನ್ನನ್ನು ಇನ್ನೂ ಒಳಗೆ ಬಿಡುತ್ತೀರಾ ಎಂದು ಕೇಳಿದೆ.

"ಕರೀಲಿಕ್ಕೆ ಲೈಲಾ ಹೇಳಿದ್ದು, ನಾನಲ್ಲ," ಅಂದರು.

ತಿರುಗಿ ನೋಡಿದೆ. ಲೈಲಾ ಬೆಂಚಿನಿಂದ ಎದ್ದು ನಮ್ಮತ್ತಲೇ ಬರುತ್ತಿದ್ದಳು. ಹತ್ತಿರ ಬಂದಳು. ನನ್ನ ಅಂಗೈ ಬಿಡಿಸಿ ನೋಡಿ, "ಬುಧವಾರ ಗ್ಲೌಸ್ ಹಾಕಿಕೊಂಡು ಬನ್ನಿ," ಅಂದಳು.