ಧರ್ಮದ ಕಪಾಟಿನಲ್ಲಿದ್ದ ಕಾನೂನು

ಹುಣಸೂರು
15 ಅಕ್ಟೋಬರ್ 2024

ಮಗಳೇ ನಂದಿತಾ,

ಫೋನ್ ಮಾಡಿದರೆ ನಾನು ಕೂಗಾಡುತ್ತೇನೆ, ನೀನು ಅತ್ತು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ. ಕೂತು ಬರೆಯಲೂ ಆಗುತ್ತಿಲ್ಲ. ಎರಡು ಸಾಲಿಗೊಮ್ಮೆ ಎದ್ದು ಬಾಗಿಲ ತನಕ ಹೋಗಿ ಬರುತ್ತಿದ್ದೇನೆ.

ಬರುವ ಸೋಮವಾರ ನೀನು ಪಿರಿಯಾಪಟ್ಟಣದಿಂದ ಬಂದು, ಗಾವಡಗೆರೆಯ ಪಿತ್ರಾರ್ಜಿತ ಜಮೀನಿನಲ್ಲಿ ನಿನಗೆ ಪಾಲು ಬೇಡವೆಂದು ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕಬೇಕು. ಅಣ್ಣ ಮಹೇಂದ್ರ ಕೇಳುತ್ತಿದ್ದಾನೆ, ಹಾಕಿಬಿಡು ಎಂದು ಹೇಳಿದ್ದು ನಾನೇ.

ಇವತ್ತು ನಮ್ಮ ಬೀದಿಯ ವಾಚನಾಲಯಕ್ಕೆ ಹೋಗಿದ್ದೆ. ಧರ್ಮಶಾಸ್ತ್ರದ ಕಟ್ಟಳೆಗಳು ಈ ದೇಶದ ಕಾನೂನಿನೊಳಗೆ ಹೇಗೆ ಬಂದು ಕೂತವು ಎಂಬ ಬಗ್ಗೆ ಅಲ್ಲೊಂದು ಪುಸ್ತಕವಿದೆ. ಕಾನೂನಿನ ಕಪಾಟಿನಲ್ಲಿ ಸಿಗಲಿಲ್ಲ. ಹುಡುಕಿದರೆ ಧರ್ಮದ ಕಪಾಟಿನಲ್ಲಿ, ಆಯುಧಪೂಜೆಯ ಅರಿಶಿನ ಕುಂಕುಮ ಮೆತ್ತಿಕೊಂಡು, ಸ್ತೋತ್ರಗಳ ನಡುವೆ! ವಾಚನಾಲಯ ನೋಡಿಕೊಳ್ಳುವ ನಿಂಗರಾಜು ಮುಟ್ಟಗೊಡಲಿಲ್ಲ. "ಪೂಜೆ ಕದಲ್ಸಿಲ್ಲ ಕಣ್ರವ್ವ, ಉಣ್ಣಿಮೆ ಕಳೀಲಿ" ಎಂದ. ಇದು ಕಾನೂನಿನ ಪುಸ್ತಕ ಕಣಯ್ಯ ಎಂದೆ. "ಒಳಗೆಲ್ಲ ಸ್ಮೃತಿ, ಶಾಸ್ತ್ರ ಅಂತ ಅದೆ. ಮೋಟಾರ್ ಕಾಯ್ದೆ ಪಕ್ಕ ಮಡಗಿ ನಾನ್ಯಾಕೆ ನರಕಕ್ಕೋಗ್ಲಿ? ಬುಡಿ" ಎಂದ.

ನಾನು ಸುಮ್ಮನಾಗಲಿಲ್ಲ. ಕೋರ್ಟು ತೀರ್ಪು ಕೊಡುವ ವಿಷಯಕ್ಕೆ ಕುಂಕುಮ ಹಚ್ಚಿಟ್ಟರೆ ಜನ ಕೈ ಮುಗಿಯುತ್ತಾರೆಯೇ ಹೊರತು ಓದುವುದಿಲ್ಲ ಎಂದು ರೇಗಿ, ಪುಸ್ತಕ ಎಳೆದುಕೊಂಡು ಅಲ್ಲೇ ನಿಂತು ಓದಿದೆ. ಮಗಳಿಗೆ ಪಾಲಿಲ್ಲ ಎಂಬುದು ದೇವರ ಮಾತಲ್ಲ, ನಂದಿತಾ. ಯಾರೋ ಬರೆದದ್ದು, ಇನ್ಯಾರೋ ಕಾನೂನು ಮಾಡಿದ್ದು, 2005ರಲ್ಲಿ ಪಾರ್ಲಿಮೆಂಟು ತಿದ್ದಿದ್ದು. ಅಣ್ಣನಷ್ಟೇ ನಿನಗೂ ಹುಟ್ಟಿನಿಂದ ಹಕ್ಕಿದೆ.

1987ರಲ್ಲಿ ನನ್ನ ಅಣ್ಣಂದಿರು ಧರ್ಮ ಎಂದರು. ನಾನೂ ಸಹಿ ಹಾಕಿದೆ. ಸೀರೆ ಕೊಟ್ಟರು, ಗಿಣಿಹಸಿರು. ಮಾರನೇ ವರ್ಷ ಅಮ್ಮ ಹಾಸಿಗೆ ಹಿಡಿದಾಗ ಹೋದರೆ, ಚೀಲ ಕೆಳಗಿಡುವ ಮೊದಲೇ ಅತ್ತಿಗೆ ಕೇಳಿದಳು: "ಎಷ್ಟು ದಿನ ಇರ್ತೀಯವ್ವ?"

ಸಹಿ ಹಾಕಬೇಡ. ಮಹೇಂದ್ರನಿಗೆ ನಾನು ಹೇಳುತ್ತೇನೆ.

ನಿನ್ನ ಅಮ್ಮ,
ಪ್ರೇಮಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಮಹೇಂದ್ರ ನಿನ್ನ ಸಹಿ ಕೇಳಿಯೇ ಇರಲಿಲ್ಲ. "ಅವಳ್ದು ಅವಳಿಗಿರ್ಲಿ ಬುಡವ್ವ" ಎಂದಿದ್ದ. ಬಿಡದೆ ಅವನನ್ನು ಜಮೀನಿನ ಪತ್ರ ಬರೆಯುವವರ ಬಳಿಗೆ ಎಳೆದುಕೊಂಡು ಹೋದವಳು ನಾನು.